ಪೆಟ್ಟಿಗೆಯ ಖಾಲಿ ಮೂಲೆ

ಕುಶಲಾಳಿಗೆ ಖಾಲಿ ಪಾತ್ರೆ ಕಂಡರೆ ಆಗದು. ನೆರೆಮನೆಯಿಂದ ಸಾರು ಬಂದ ಬಟ್ಟಲನ್ನು ಬರಿದೇ ತೊಳೆದು ಹಿಂದಿರುಗಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುವಳು. ಮಗಳು ಹಿಲ್ಡಾಳಿಗೂ ಕಲಿಸಿದ್ದು ಅದನ್ನೇ: ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು, ಒಯ್ಯುವ ತಿಂಡಿಯನ್ನು ದಾರಿಯಲ್ಲಿ ಬಾಯಿಗೆ ಹಾಕಬಾರದು. ಒಳ್ಳೆಯ ಬುದ್ಧಿಯೇ. ಒಳ್ಳೆಯ ಬುದ್ಧಿಯಿಂದಲೂ ಮನೆ ಹಾಳಾಗುವುದುಂಟು.

ಅದು ಆಫ್ರಿಕಾದಲ್ಲಿ ಬರ ಬಿದ್ದ ವರ್ಷ. ಅಲ್ಲಿಯ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ ಕಳಿಸಲೆಂದು ಉಡುಪಿಯ ಇಗರ್ಜಿಯ ಸಭಾಂಗಣದಲ್ಲಿ ಹೆಂಗಸರು ಅಕ್ಟೋಬರಿನಲ್ಲೇ ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ತುಂಬುತ್ತಿದ್ದರು. ಹಡಗಿನ ದಾರಿ, ತಡವಾಗುತ್ತದೆ. ಮೇಲ್ವಿಚಾರಣೆ ಸೆಲಿನ್ ಟೀಚರದು. ತಿನ್ನುವ ವಸ್ತು ಇಡಲೇಬಾರದೆಂದು ಅವರ ಕಟ್ಟಪ್ಪಣೆ.

ಕುಶಲಾಳ ಕೊನೆಯ ಪೆಟ್ಟಿಗೆಯಲ್ಲಿ ಅಂಗಿ, ಬಾಚಣಿಗೆ, ಸಾಬೂನು, ಚೆಂಡು ಇಟ್ಟ ಮೇಲೂ ಒಂದು ಮೂಲೆ ಖಾಲಿ ಉಳಿಯಿತು. ಹಸಿದ ಮಗುವಿಗೆ ಸಾಬೂನು ಕೊಟ್ಟು ಎಂತ ಮಾಡುವುದು ಎಂದು ಅವಳ ಕರುಳು ಚುರ್ರೆಂದಿತು. ಕಿಟಕಿಯ ಕಟ್ಟೆಯ ಮೇಲೆ ಬಾಳೆಲೆಯಲ್ಲಿ ಎಳ್ಳುಂಡೆಗಳಿದ್ದವು. ಸಭಾಂಗಣ ನೋಡಿಕೊಳ್ಳುವ ಜೋಕಿಮನ ಹೆಂಡತಿ ತಮಗೆಂದು ಕಳಿಸಿರಬೇಕು ಅಂದುಕೊಂಡಳು. ಅಷ್ಟನ್ನೂ ಕಾಗದದಲ್ಲಿ ಸುತ್ತಿ ಅಂಗಿಯ ಅಡಿಯಲ್ಲಿ ತುರುಕಿ ಮುಚ್ಚಳ ಹಾಕಿದಳು.

ಶಾಲೆ ಬಿಟ್ಟು ಬಂದ ಹಿಲ್ಡಾ ಅಂದು ಕಾಪುವಿನಲ್ಲಿರುವ ಬೆಂಜಮಿನ್ ಮಾವನ ಮನೆಗೆ ಹೊರಟಿದ್ದಳು. ಟೀಚರ್ ಅವಳನ್ನು ಬಸ್ಸಿಗೆ ಹತ್ತಿಸಲು ಕರೆದುಕೊಂಡು ಹೋದರು. ಅವರು ಅತ್ತ ಹೋಗಿದ್ದೇ ತಡ, ಜೋಕಿಮ್ ಒಳಗೆ ಬಂದ.

"ಇಲ್ಲಿದ್ದ ಉಂಡೆ ಎಲ್ಲಿ? ಪೆಟ್ಟಿಗೆ ಕಡಿಯುತ್ತವೆ ಅಂತ ಇಲಿಗಳಿಗೆ ಪಾಷಾಣ ಹಾಕಿ ಮಾಡಿದ್ದು."

"ಹಾಗಾದರೆ ಇಲಿಗಳೇ ಬಂದು ಒಯ್ದಿರಬೇಕು ಮಾರಾಯ," ಎಂದು ಯಾರೋ ನಕ್ಕರು.

ಉಂಡೆ ಪೆಟ್ಟಿಗೆಯಲ್ಲಿದೆ ಎಂದು ಕುಶಲಾ ಬಾಯಿ ಬಿಡಲಿಲ್ಲ. ಹೇಳಿದರೆ ಇಷ್ಟು ಜನರ ಎದುರು ಮಾನ ಹೋದಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಲ್ವಾ? ಲಾರಿ ಬರುವುದು ನಾಳೆ, ಪೆಟ್ಟಿಗೆ ಇಲ್ಲೇ ಉಂಟು, ಎಲ್ಲರೂ ಹೋದ ಮೇಲೆ ಮೆಲ್ಲಗೆ ತೆಗೆದರಾಯಿತು ಎಂದು ಲೆಕ್ಕ ಹಾಕಿದಳು. ಎಲ್ಲರ ಜೊತೆ ಚಹಾ ಕೂಡ ಕುಡಿದಳು, ಪುಣ್ಯಾತ್ಗಿತ್ತಿ.

ಸಭಾಂಗಣ ಖಾಲಿಯಾದ ಮೇಲೆ ಪೆಟ್ಟಿಗೆ ಬಿಚ್ಚಿದಳು. ಅಂಗಿಯ ಅಡಿಯಲ್ಲಿ ಏನೂ ಇರಲಿಲ್ಲ.

"ಎಂತ ಹುಡುಕುವುದು, ಉಂಡೆಯಾ?" ಬಸ್‌ಸ್ಟ್ಯಾಂಡಿನಿಂದ ಮರಳಿದ್ದ ಟೀಚರ್ ಬಾಗಿಲಲ್ಲಿ ನಿಂತಿದ್ದರು. "ಹೊರಡುವ ಮೊದಲು ಪೆಟ್ಟಿಗೆಗಳನ್ನು ನೋಡುವಾಗ ನಾನೇ ತೆಗೆದೆ. ಇಡಬಾರದು ಎಂದು ಹೇಳಿದ್ದೆನಲ್ಲ? ಎಸೆಯಲಿಕ್ಕೆ ಮನಸ್ಸು ಬರಲಿಲ್ಲ. ಹಿಲ್ಡಾ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಚಡಪಡಿಸುತ್ತಿದ್ದಳು. ಅವಳ ಚೀಲಕ್ಕೆ ಹಾಕಿದೆ."

ಆಗಲೇ ಬಾಯಿ ಬಿಟ್ಟು ಪೆಟ್ಟಿಗೆ ಬಿಚ್ಚಿದ್ದರೆ ಟೀಚರನ್ನು ಕೇಳಲು ಬಸ್‌ಸ್ಟ್ಯಾಂಡಿಗೆ ಓಡಬಹುದಿತ್ತು. ಈಗ ಮುಂದಿನ ಬಸ್ಸೇ ಗತಿ. ಆ ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಂತು, ಮೀನಿನ ಬುಟ್ಟಿ ಹತ್ತಿಸಿ, ಕುಶಲ ವಿಚಾರಿಸಿ ಹೊರಡುವ ಬಸ್ಸು. ಕಂಬಿ ಹಿಡಿದು ನಿಂತ ಕುಶಲಾ ಒಂದೇ ಮಾತನ್ನು ಜಪಿಸಿದಳು: ನನ್ನ ಮಗಳು ದಾರಿಯಲ್ಲಿ ತಿನ್ನುವವಳಲ್ಲ, ತಿನ್ನುವವಳಲ್ಲ. ದೂರ ದೇಶದ ಆ ಮಗುವಿನ ನೆನಪು ಅವಳಿಗೆ ಬರಲೂ ಇಲ್ಲ.

ಬೆಂಜಮಿನ್‌ನ ಅಂಗಳ ತಲುಪುವಾಗ ಮಬ್ಬುಗತ್ತಲೆ. ಸದಾ ಗಲಾಟೆ ಮಾಡುವ ಅವನ ಮಕ್ಕಳು ಹೊರಗೆ ಕಾಣಲಿಲ್ಲ. ಚಾವಡಿಯಲ್ಲಿ ಹಿಲ್ಡಾ ಒಬ್ಬಳೇ ಕುಳಿತು ಕಾಗದವನ್ನು ನೀಟಾಗಿ ಮಡಚುತ್ತಿದ್ದಳು.

"ಉಂಡೆ ಎಲ್ಲಿ? ನೀನು ತಿಂದೆಯಾ?"

"ಇಲ್ಲಮ್ಮ. ಸಣ್ಣ ಮಕ್ಕಳಿಗೆ ಸಾಕಾಗಲಿಲ್ಲ. ನನ್ನ ಪಾಲನ್ನೂ ಅವರಿಗೇ ಕೊಟ್ಟೆ."

ದೇವರು ಕ್ಷಮಿಸಲಿ, ಕುಶಲಾಳಿಗೆ ಮೊದಲು ಆದದ್ದು ಸಮಾಧಾನ. ಮಗಳನ್ನು ಬಾಚಿ ಎದೆಗೆ ಒತ್ತಿಕೊಂಡಳು. ಒಳಗಿನ ಕೋಣೆಯಲ್ಲಿ ಒಂದು ಮಗು ವಾಂತಿ ಮಾಡತೊಡಗಿತು, ಅದರ ಹಿಂದೆಯೇ ಇನ್ನೊಂದು.