ಬೇಲಿಯ ಈಚೆ ಉಳಿದ ಬಸುರಿ ಹುಲ್ಲೆ

ದ್ರುಗ್ಮೊ ತನ್ನ ಭಾವ ಚಕ್ದೋರನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವನ ಟಗರು ಅವಳ ಹುಲ್ಲುಗಾವಲಿಗೆ ನುಗ್ಗಿದ್ದಕ್ಕೆ ಶುರುವಾದ ಜಗಳ, ನಡುವೆ ಎದೆಮಟ್ಟದ ಮುಳ್ಳುತಂತಿ ಬೇಲಿ ಎದ್ದ ಮೇಲೇ ತಣ್ಣಗಾದದ್ದು. ಗಂಡ ತೀರಿಕೊಂಡ ಮೇಲೆ ಇನ್ನೂರು ಕುರಿ, ಹದಿನೇಳು ಯಾಕ್‌ಗಳನ್ನು ಒಬ್ಬಳೇ ಸಂಭಾಳಿಸಿದ ಹೆಂಗಸು; ಯಾರ ಹಂಗೂ ಬೇಡವೆಂಬ ಜಂಬ ಅವಳಿಗಿತ್ತು.

ಹುಲ್ಲು ಆಗಷ್ಟೇ ಚಿಗುರಿದ್ದ ಒಂದು ಬೆಳಗ್ಗೆ ಒಣಸೆಗಣಿ ಆರಿಸುತ್ತ ಬೇಲಿಯ ಹತ್ತಿರ ಬಂದವಳು ನಿಂತುಬಿಟ್ಟಳು. ಹುಲ್ಲೆಗಳ ಹಿಂಡೊಂದು ಬೇಲಿ ಹಾರಿ ಮರಳುದಿಬ್ಬಗಳತ್ತ ಓಡುತ್ತಿತ್ತು. ಆ ಎತ್ತರದ ನಾಡಿನ ನೀಲಿ ಸರೋವರದ ಸುತ್ತಮುತ್ತ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಉಳಿಯದ ಹುಲ್ಲೆಗಳು. ಒಂದು ಮಾತ್ರ ಈಚೆಯೇ ಉಳಿದಿತ್ತು. ತುಂಬು ಬಸುರಿ. ಹಾರಲು ಓಡಿ ಬರುವುದು, ತಂತಿಯ ಮುಂದೆ ತಡೆದು ನಿಲ್ಲುವುದು, ಮತ್ತೆ ಬೇಲಿಯುದ್ದಕ್ಕೂ ಅಲೆಯುವುದು.

ದ್ರುಗ್ಮೊ ಬುಟ್ಟಿ ಇಳಿಸಿದಳು. ನಿಲುವಂಗಿಯ ಉದ್ದ ತೋಳನ್ನು ಅಂಗೈಗೆ ಸುತ್ತಿಕೊಂಡು ತಂತಿ ಜಗ್ಗಿದಳು. ಕಂಬ ಅಲುಗಾಡಿತೇ ಹೊರತು ತಂತಿ ಬಿಡಲಿಲ್ಲ.

ಅಷ್ಟರಲ್ಲಿ ಆಚೆಯಿಂದ ಚಕ್ದೋರನ ಬೈಕು ಬಂತು.

“ಏಯ್! ಬೇಲಿ ಕೀಳ್ತಿದೀಯಾ? ನಿನ್ ಕುರೀಗೆ ನನ್ ಹುಲ್ಲು ಬೇಕಾಯ್ತಾ?”

“ನಿಮ್ ಹುಲ್ಲನ್ನ ನಿಮ್ ತಲೆ ಮೇಲೆ ನೆಟ್ಕೊಳ್ಳಿ ಭಾವ, ಅಲ್ಲಾದ್ರೂ ಏನಾದ್ರೂ ಬೆಳೀಲಿ! ಮೊದ್ಲು ಅಲ್ನೋಡಿ.”

ಚಕ್ದೋರ್ ಟೋಪಿ ತೆಗೆದು ಬೋಳುತಲೆ ಸವರಿಕೊಂಡು ನೋಡಿದ. ಬೈಕಿನ ಚೀಲದಿಂದ ಇಕ್ಕಳ ತಂದು ನಾಲ್ಕೂ ತಂತಿ ಕತ್ತರಿಸಿದ. ಇಬ್ಬರೂ ಸೇರಿ ಅವನ್ನು ಆಚೀಚೆ ಎಳೆದು ದಾರಿ ಮಾಡಿದರು. ಆದರೆ ಮನುಷ್ಯರಿರುವ ಕಡೆ ಹುಲ್ಲೆ ಬರಬೇಕಲ್ಲ!

“ಆ ತಗ್ಗಲ್ಲಿ ಹೋಗಿ ಮಲಗೋಣ ನಡಿ. ನಿನ್ ಮುಖ ನೋಡಿ ಹೆದರ್ತಿದೆ,” ಎಂದ ಚಕ್ದೋರ್.

ಇಬ್ಬರೂ ದೂರದ ತಗ್ಗಿನಲ್ಲಿ ಅಕ್ಕಪಕ್ಕ ಬೋರಲಾಗಿ ಮಲಗಿದರು.

“ಬೆನ್ನು ಗುಡ್ಡದ ಥರ ಎದ್ದಿದೆ. ಹೊಟ್ಟೆ ಒಳಗೆಳ್ಕೊಳ್ಳಿ ಭಾವ,” ದ್ರುಗ್ಮೊ ಪಿಸುಗುಟ್ಟಿದಳು.

“ಉಸಿರಾಡ್ಬೇಕಲ್ಲಮ್ಮ!”

“ಆಮೇಲಾಡಿ.”

ಚಕ್ದೋರನಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಟೋಪಿ ತುರುಕಿಕೊಂಡ. ಅವನ ಭುಜ ಕುಲುಕುವುದನ್ನು ಕಂಡು ಅವಳಿಗೂ ನಗು ಉಕ್ಕಿ ಕಣ್ಣಲ್ಲಿ ನೀರೇ ಬಂತು. ತಲೆಯೆತ್ತಿ ನೋಡುವಷ್ಟರಲ್ಲಿ ಹುಲ್ಲೆ ಕಿವಿ ನಿಮಿರಿಸಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ದಾಟಿ, ದಿಬ್ಬದತ್ತ ಹೊರಟಿತ್ತು. ಅದರ ಹಿಂದೆಯೇ, ಈಚೆ ಮೇಯುತ್ತಿದ್ದ ದ್ರುಗ್ಮೊಳ ಇನ್ನೂರು ಕುರಿಗಳೂ ದಾರಿ ಕಂಡುಕೊಂಡು ಆಚೆಯಿದ್ದ ಚಕ್ದೋರನ ಮಂದೆಗೆ ನುಗ್ಗಿದವು!

ಕೆಂಪು ಬಣ್ಣ ಬಳಿದ ಕೊಂಬಿನವು ಅವಳವು, ನೀಲಿಯವು ಅವನವು. ಬೇರ್ಪಡಿಸುವುದರಲ್ಲಿ ಹೊತ್ತು ಮುಳುಗಿತು. ಚಕ್ದೋರನ ಹೆಂಡತಿ ಬೆಣ್ಣೆ ಚಹಾ ತಂದಳು. ಬೇಕಂತಲೇ ತಮ್ಮ ಕುರಿ ಎಳೆದುಕೊಂಡರೆಂದು ಇಬ್ಬರೂ ಒಬ್ಬರನ್ನೊಬ್ಬರು ಬಾಯ್ತುಂಬ ಬೈದುಕೊಂಡರು. ದ್ರುಗ್ಮೊಗೆ ಅಂಥ ಸುಖದ ಸಂಜೆ ಸಿಕ್ಕಿ ಎಷ್ಟೋ ಕಾಲವಾಗಿತ್ತು.

ಮೂರನೇ ದಿನ ಚಕ್ದೋರ್ ಅವಳ ಗುಡಾರದ ಮುಂದೆ ಬೈಕು ನಿಲ್ಲಿಸಿದ. “ಹತ್ತು ಬೇಗ. ಏನೂ ಕೇಳ್ಬೇಡ.”

ದಿಬ್ಬದ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡಿದರು. ಅದೇ ಹುಲ್ಲೆಯ ಒದ್ದೆ ಮರಿ ಕಾಲೂರಿ ಏಳುತ್ತಿತ್ತು, ಮುಗ್ಗರಿಸಿ ಬೀಳುತ್ತಿತ್ತು. ತಾಯಿ ನೆಕ್ಕುತ್ತಿತ್ತು.

“ಬೇಲೀನ ಮಂಡಿಯಷ್ಟಕ್ಕೆ ಇಳಿಸೋಣ್ವಾ?” ಚಕ್ದೋರ್ ಮೆಲ್ಲಗೆ ಕೇಳಿದ.

“ಕುರಿ ದಾಟಿದ್ರೆ?”

“ದಾಟಿದ್ರೆ ಬೈಕೊಂಡು ಬಿಡಿಸ್ಕೊಳ್ಳೋಣ.”

“ಹಾಗಾದ್ರೆ ಸರಿ,” ಎನ್ನುತ್ತ ದ್ರುಗ್ಮೊ ದುರ್ಬೀನು ಕಸಿದುಕೊಂಡಳು. “ನಿಂತ್ಕೊಳ್ತು ಭಾವ, ನಿಂತ್ಕೊಳ್ತು!”