ಬ್ಲಾಕ್ ಇಲ್ಲದ ಎದೆ

“ಎಷ್ಟು ಬ್ಲಾಕ್ ಅದಾವೋ ರಾಜಾ? ನನಗ ಎರಡಿದ್ವು ನೋಡು,” ಎಂದು ಮಲಕಾಜಪ್ಪ ಕಾಕಾ ಅಂಗಿಯ ತೋಳು ಮಡಚಿ ಮಣಿಕಟ್ಟನ್ನು ಮುಂದೆ ಚಾಚಿದರು. “ಇಲ್ಲಿಂದ ವಾಯರ್ ಹಾಕಿ ಎದಿಗೆ ಸ್ಪ್ರಿಂಗ್ ಕುಂಡ್ರಿಸ್ಯಾರ. ನಾ ಎಲ್ಲಾ ಟಿವ್ಯಾಗ ನೋಡಕೋತನ ಮಲಗಿದ್ದೆ.”

ವಿಜಯಪುರದ ಜಲನಗರದ ಬಾಡಿಗೆ ಮನೆಯಲ್ಲಿ ರಾಜಾರಾಮ ಗೋಡೆಗೆ ಒರಗಿ ಕುಳಿತಿದ್ದ. ದವಾಖಾನೆಯಿಂದ ಬಂದವರನ್ನು ಮಾತಾಡಿಸಿಕೊಂಡು ಹೋಗದಿದ್ದರೆ ಬಳಗದಲ್ಲಿ ದೊಡ್ಡ ತಪ್ಪು. ಅದಕ್ಕೇ ಕಳ್ಳಕವಟಗಿಯಿಂದ ಕಾಕಾ ಮತ್ತು ಚಿಗವ್ವ ತಿಪ್ಪವ್ವ ಬ್ರೆಡ್ಡು, ಬಾಳೆಹಣ್ಣು ಹಿಡಿದು ಟಂಟಂ ಆಟೊ ಬಾಡಿಗೆ ಮಾಡಿಕೊಂಡೇ ಬಂದಿದ್ದರು. ಚಿಗವ್ವ ಬಸ್ಸು ಹತ್ತುವವಳಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ.

“ಒಂದ ಐತಿ ಕಾಕಾ.”

“ಒಂದ?” ಕಾಕಾನಿಗೆ ಸ್ವಲ್ಪ ನಿರಾಸೆಯೇ ಆಯಿತು. “ಒಂದಕ್ಕ ಇಷ್ಟು ಸೊರಗೀಯಲ್ಲೋ ತಮ್ಮಾ!”

ಚಹಾ ತಂದ ದಾನೇಶ್ವರಿ ಗಂಡನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ.

ಬ್ಲಾಕ್ ಇರಲೇ ಇಲ್ಲ. ಎರಡು ತಿಂಗಳಲ್ಲಿ ಮೂರು ಸಲ, ಎದೆ ಹಿಡಿದುಕೊಂಡು ಕುಸಿದ ಅವನನ್ನು ಎತ್ತಿಕೊಂಡು ದವಾಖಾನೆಗೆ ಓಡಿದ್ದರು. ಮೊದಲ ಸಲ ಬಬಲೇಶ್ವರದ ಸಹಕಾರಿ ಸಂಘದ ಕೆಲಸಕ್ಕೆ ಹೊರಟಾಗ ಬಸ್ಸಿನಲ್ಲಿ. ಆಮೇಲೆ ಸಿದ್ಧೇಶ್ವರ ಗುಡಿಯ ಹತ್ತಿರ ಕೊತ್ತಂಬರಿ ಕೊಳ್ಳುವಾಗ. ಮೂರನೆಯದು ಮನೆಯ ಬಚ್ಚಲಲ್ಲೇ. ಮೂರು ಸಲವೂ ಸತ್ತೇ ಹೋಗುತ್ತೇನೆಂದು ಹೆಂಡತಿಯ ಕೈ ಹಿಡಿದು ಮಕ್ಕಳನ್ನು ಒಪ್ಪಿಸಿದ್ದ. ಮೂರು ಸಲವೂ ಇಸಿಜಿ ಸರಿ ಇತ್ತು. ಕೊನೆಯ ಸಲ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತು ಹೇಳಿದ್ದರು: “ಎದಿ ಗಟ್ಟಿ ಐತ್ರಿ. ಇದು ಆತಂಕದ ಕಾಯಿಲೆ. ಇದರಿಂದ ಜೀವ ಹೋಗಂಗಿಲ್ಲ, ಆದ್ರ ಬಿಟ್ಟಷ್ಟೂ ಹಿಂಡತೈತಿ. ಮನಸ್ಸಿನ ಡಾಕ್ಟರಿಗೆ ತೋರಿಸ್ರಿ. ಔಷಧ ಅದಾವ, ಅಂಜಿಕಿ ಬಂದಾಗ ಏನ್ ಮಾಡಬೇಕಂತ ಕಲಿಸ್ತಾರ.”

ಅಂದಿನಿಂದ ಹನ್ನೊಂದು ದಿನ ಅವನು ಹೊಸ್ತಿಲು ದಾಟಿರಲಿಲ್ಲ. “ಹುಚ್ಚರ ಡಾಕ್ಟರ ಕಡೆ ಹೋದ ಅಂದ್ರ ಮುಗೀತು” ಎಂದು ದಾನೇಶ್ವರಿಯ ಬಾಯಿ ಮುಚ್ಚಿಸಿದ್ದ. ದೇವರೇ, ಒಂದು ಬ್ಲಾಕಾದರೂ ಕೊಡು ಎಂದು ಬೇಡಿಕೊಂಡವನು ಇಡೀ ವಿಜಯಪುರದಲ್ಲಿ ಅವನೊಬ್ಬನೇ ಇದ್ದಿರಬೇಕು.

ಕಾಕಾ ಟಂಟಂದವನಿಗೆ ಚಹಾ ಕೊಡಲು ಹೊರಗೆ ಹೋದರು. ತಿಪ್ಪವ್ವ ಸರಿದು ಹತ್ತಿರ ಬಂದಳು.

“ರಾಜಾ, ನಿನ್ನ ಗುಳಿಗ್ಯಾಗ ನಾಕು ನನಗ ಕೊಡಪಾ. ಯಾರಿಗೂ ಹೇಳಬ್ಯಾಡ.”

“ಯಾಕ ಚಿಗವ್ವಾ?”

“ನನಗೂ ಅದ ಬ್ಯಾನಿ. ಎದಿ ಡಬಡಬ ಹೊಡಕೊಂತೈತಿ, ಕೈ ತಣ್ಣಗಾಗತಾವ, ಗಂಟಲ ಕಟ್ಟತೈತಿ. ಸುವರ್ಣಾ ಹುಟ್ಟಿದಾಗಿಂದ. ಆಕಿಗೇ ಈಗ ಮಕ್ಕಳಾಗ್ಯಾವ. ಸಂತಿಗೆ ಹೋಗಾಕ ಅಂಜಿಕಿ, ಮದುವಿಗೆ ಹೋಗಾಕ ಅಂಜಿಕಿ. ಮೊಣಕಾಲ ನೋವು ಅಂತ ಸುಳ್ಳ ಹೇಳಕೋತ ಬಂದೇನಿ.”

“ತೋರಿಸಬೇಕಿಲ್ಲೊ?”

“ತೋರಿಸಿದ್ರ ಏನೂ ಇಲ್ಲ ಅಂತಾರ. ನಿಮ್ಮ ಕಾಕಾನ ಹಾರ್ಟಿನ ಗುಳಿಗಿ ಅರ್ಧ ಮುರದು ತಿಂತೀನಿ. ಮನ್ನೆ ತಾಳಲಾರದ ಎರಡು ನುಂಗಿದೆ. ಹಿತ್ತಲದಾಗ ಕಣ್ಣಿಗೆ ಕತ್ತಲಿ ಬಂದು ಬಿದ್ನಿ. ಎಮ್ಮಿ ಒದೀತು ಅಂದೆ.” ನಗಲು ನೋಡಿದಳು. “ಅವು ಮುದುಕರ ಗುಳಿಗಿ ಇರಬೇಕು. ನಿನ್ನವು ಹರೇದವರವು, ನನಗ ಹೊಂದತಾವ.”

ಸೆರಗು ಸರಿದಾಗ ಹುಬ್ಬಿನ ಮೇಲೆ ಹಳದಿಗೆ ತಿರುಗಿದ ಪೆಟ್ಟಿನ ಗುರುತು ಕಂಡಿತು.

“ನನ್ನ ಕಡೆ ಗುಳಿಗಿ ಇಲ್ಲ ಚಿಗವ್ವಾ. ಬ್ಲಾಕೂ ಇಲ್ಲ.”

“ಕೊಡಾಕ ಮನಸ್ಸಿಲ್ಲಂದ್ರ ಹಂಗ ಹೇಳೋ.”

“ನಿನ್ನ ಆಣಿ. ಮನಸ್ಸಿನ ಬ್ಯಾನಿ ಅಂದಾರ. ಕಾಕಾನ ಗುಳಿಗಿ ಇನ್ನೊಮ್ಮೆ ಮುಟ್ಟಿದ್ರ ನೀ ಮತ್ತ ಏಳಂಗಿಲ್ಲ.”

ತಿಪ್ಪವ್ವ ಚಾಪೆಯ ಅಂಚನ್ನು ಉಗುರಿನಿಂದ ಕೆರೆದಳು. “ಅಂದ್ರ ಇಷ್ಟು ವರ್ಷ ನನ್ನ ತಲಿ ಕೆಟ್ಟಿತ್ತೇನು?”

“ಗೊತ್ತಿಲ್ಲ ಬೇ. ನಾನೂ ಇನ್ನ ಹೋಗಿಲ್ಲ.”

“ನಿಮ್ಮ ಕಾಕಾನ ಮುಂದ ಹೇಳಬ್ಯಾಡ. ಬಡೀತಾರ ಅಂತಲ್ಲ. ನಗತಾರ.”

“ಏಳ ಇನ್ನ!” ಕಾಕಾ ಬಾಗಿಲಲ್ಲಿ ನಿಂತು ಬಾಳೆಹಣ್ಣು ಸುಲಿಯತೊಡಗಿದರು. “ಟಿಕೋಟಾ ದಾಟೂದ್ರಾಗ ಹೊತ್ತ ಮುಣಗತೈತಿ.”

ರಾಜಾರಾಮ ಗೋಡೆ ಹಿಡಿದು ಎದ್ದ. “ಕಾಕಾ, ಚಿಗವ್ವ ನನ್ನ ಜೋಡಿ ದವಾಖಾನಿಗೆ ಬರ್ಲಿ.”

“ಯಾಕ, ಇವತ್ತ ಸ್ಪ್ರಿಂಗ್ ಹಾಕ್ತಾರೇನು?”

“ಇಲ್ಲ. ಮನಸ್ಸಿನ ಡಾಕ್ಟರ ಕಡೆ. ನನ್ನ ಎದ್ಯಾಗ ಏನೂ ಇಲ್ಲ, ನಾ ಸುಳ್ಳ ಹೇಳೇನಿ. ಓಣಿ ದಾಟಾಕ ಅಂಜಿಕಿ ಬರತೈತಿ ನನಗ. ಚಿಗವ್ವ ಕೈ ಹಿಡಕೊಂಡ್ರ ಹೋಗತೇನಿ.”

ಒಳಬಾಗಿಲಲ್ಲಿ ದಾನೇಶ್ವರಿ ಬಾಯಿಗೆ ಸೆರಗು ಒತ್ತಿ ಹಿಡಿದಳು. ಕಾಕಾನ ಬಾಯೊಳಗಿನ ಹಣ್ಣು ಅಲ್ಲೇ ನಿಂತಿತು. ಆಮೇಲೆ ಅವರು ಮಡಚಿದ್ದ ಅಂಗಿಯ ತೋಳನ್ನು ಮೆಲ್ಲಗೆ ಕೆಳಗಿಳಿಸಿ, ಯಾರ ಮುಖವನ್ನೂ ನೋಡದೆ, “ಗಾಡಿ ನಮ್ಮದ ಐತಲ್ಲ, ನಡೀರಿ” ಎಂದು ಹೋಗಿ ಚಾಲಕನ ಪಕ್ಕದಲ್ಲಿ ಕುಳಿತರು.

ಅಂಗಳಕ್ಕೆ ಮೂರು ಮೆಟ್ಟಿಲು. ಮೂರನ್ನೂ ಇಳಿಯುವಷ್ಟರಲ್ಲಿ ರಾಜಾರಾಮನ ಅಂಗಿ ಬೆನ್ನಿಗೆ ಅಂಟಿತ್ತು. ಕಿವಿಯಲ್ಲಿ ಎದೆಯ ಸದ್ದೇ ತುಂಬಿತ್ತು. ತಿಪ್ಪವ್ವ ಅವನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

“ನೀ ಮೊದಲ ಹತ್ತು,” ಎಂದಳು.

“ನೀ ಹತ್ತು ಚಿಗವ್ವಾ.”

ಇಬ್ಬರೂ ಹತ್ತಲಿಲ್ಲ. ಟಂಟಂದವನು ಒಮ್ಮೆ ಹಿಂದಿರುಗಿ ನೋಡಿದ. ಹಾರ್ನಿನ ಮೇಲಿದ್ದ ಕೈ ತೆಗೆದು, ಇಂಜಿನ್ ಆರಿಸಿದ.