ಇನ್ನೂ ಇಪ್ಪತ್ತು ನಿಮಿಷ ಉಂಟು

ಯಾವ ಲೀಗೂ ಸೇರಿಸಿಕೊಳ್ಳದ ಕಾಲೇಜು ಫುಟ್ಬಾಲ್ ತಂಡಕ್ಕೆ ಆಫಿಯಾ ನಾಯಕಿ. ವರ್ಷವಿಡೀ ಕಂಡವರಿಗೆಲ್ಲ ಫೋನು ಮಾಡಿ, ಗೋಗರೆದು, ಆರು ಪಂದ್ಯ ಕೂಡಿಸಿದ್ದಳು. ಕೊನೆಯದಕ್ಕೆ ಲೀಗ್ ಗೆದ್ದ ಹುಡುಗಿಯರೇ ಸೌದಿಯ ರಿಯಾದಿನ ಮಲಾಜ್ ಮೈದಾನಕ್ಕೆ ಬಂದರು. ಇಪ್ಪತ್ತು ನಿಮಿಷ ಬಾಕಿಯಿರುವಾಗ ಆಫಿಯಾ ಎರಡನೇ ಗೋಲು ಹೊಡೆದಳು. ಒಂದೇ ಗೋಲು ಹೊಡೆದಿದ್ದ ಎದುರಾಳಿಗಳು ಆಟ ಬಿಟ್ಟು ಚೀಲ ಹೆಗಲಿಗೇರಿಸಿದರು.

"ಎಲ್ಲಿಗೆ ಹೊರಟದ್ದು?" ಆಫಿಯಾ ಕೇಳಿದಳು.

"ಸಿಟ್ಟು ಎಂತಕ್ಕೆ ಮಾರಾಯ್ತಿ? ಇದೆಂತ ಲೀಗ್ ಮ್ಯಾಚಾ? ಲೆಕ್ಕಕ್ಕೇ ಇಲ್ಲ," ಎಂದು ಅವರ ನಾಯಕಿ ರುಬೀನಾ ನಕ್ಕಳು.

"ಲೆಕ್ಕಕ್ಕಿಲ್ಲದಿದ್ದರೆ ಸೋಲಲಿಕ್ಕೆ ಹೆದರುವುದೆಂತಕ್ಕೆ?"

ರುಬೀನಾ ತನ್ನ ತಂಡದೊಡನೆ ಬಸ್ಸು ಹತ್ತಿದಳು. ರೆಫ್ರಿ ಸೀಟಿ ಬಾಯಿಗಿಟ್ಟರು. ಆಫಿಯಾ ಅವರ ಕೈ ತಡೆದಳು.

"ಊದಬೇಡಿ ಮೇಡಂ. ಇನ್ನೂ ಇಪ್ಪತ್ತು ನಿಮಿಷ ಉಂಟು."

ಎದುರಾಳಿಗಳಿಲ್ಲದ ಮೈದಾನದಲ್ಲಿ ಹನ್ನೊಂದು ಹುಡುಗಿಯರು ಹೊತ್ತು ಮುಗಿಯುವವರೆಗೂ ಆಡಿದರು. ಖಾಲಿ ಗೋಲಿಗೆ ಮಾತ್ರ ಒಬ್ಬಳೂ ಚೆಂಡು ಹೊಡೆಯಲಿಲ್ಲ.